ಪೊರೆ ತೆಗೆದ ಫ್ರೆಂಚ್ ಶಸ್ತ್ರವೈದ್ಯ: ಮಾರ್ಸೇಲ್ಸಿನಿಂದ ಜತ್ತದವರೆಗೆ

ಜತ್ತ ಎಂಬ ಹೆಸರು ನಮ್ಮ ಹಿರಿಯ ಓದುಗರಿಗೆ ಹೊಸದಲ್ಲ. 1967ರಲ್ಲಿ ಮಹಾಜನ ಆಯೋಗದ ವರದಿ ಹೊರಬಂದಾಗ, ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ನಮ್ಮ ನೆಲದಂತೆಯೇ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಗೆ ಸೇರಿದ ಜತ್ತ ತಾಲೂಕಿನ ಹಲವು ಹಳ್ಳಿಗಳೂ ಅಂದಿನ ಮೈಸೂರು ರಾಜ್ಯಕ್ಕೆ ಸಲ್ಲಬೇಕೆಂಬ ಶಿಫಾರಸು ಅದರಲ್ಲಿತ್ತು. ವರದಿ ಕಪಾಟಿನಲ್ಲಿ ಉಳಿಯಿತು. ನಾವು ಇಲ್ಲಿ ಉಳಿದೆವು, ಅವರು ಅಲ್ಲಿ ಉಳಿದರು. ಡಫಳೆ ಮನೆತನದ ಅರಸರು ಆಳುತ್ತಿದ್ದ ಈ ಪುಟ್ಟ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. ಮಳೆ ಕಡಿಮೆ, ಜೋಳ ಸಜ್ಜೆಗಳ ಬೆಳೆ, ಕುರಿ ಸಾಕಣೆ. ಮಾಡಗ್ಯಾಳ ಎಂಬ ಹಳ್ಳಿಯ ಕುರಿ ತಳಿ ದೂರದೂರದವರೆಗೆ ಹೆಸರುವಾಸಿ. ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೆ ಕರ್ನಾಟಕದಿಂದ ಭಕ್ತರು ನಡೆದುಕೊಂಡು ಹೋಗುತ್ತಾರೆ. ಉಮದಿ, ಸಂಖ ಮುಂತಾದ ಮೂಡಣ ಹಳ್ಳಿಗಳಲ್ಲಿ ಮನೆಮಾತು ಕನ್ನಡವೇ. ಕಚೇರಿ ಮಾತ್ರ ಮರಾಠಿ.

ಇಷ್ಟು ಹೇಳಿದರೂ ನಮ್ಮ ಇಂದಿನ ಲೇಖನ ಗಡಿಯ ವಿಷಯದ್ದಲ್ಲ, ಕಣ್ಣಿನ ವಿಷಯದ್ದು. ವಯಸ್ಸಾದವರ ಕಣ್ಣಿಗೆ ಪೊರೆ ಬರುವುದು ಜತ್ತದಲ್ಲೂ ಉಂಟು, ಕಾಸರಗೋಡಿನಲ್ಲೂ ಉಂಟು. ಅಲ್ಲಿನವರು ಅದನ್ನು ಮೋತಿಬಿಂದು ಎನ್ನುತ್ತಾರೆ. ಪಾಪೆಯ ನಡುವೆ ಮುತ್ತಿನಂತೆ ಬೆಳ್ಳಗೆ ಕಾಣುವುದರಿಂದ ಮರಾಠಿಯವರು ಇಟ್ಟ ಹೆಸರು ಅದು. ನಮ್ಮಲ್ಲಿ ಮನೆಯೊಳಗೆ ಪೊರೆ. ಆಸ್ಪತ್ರೆಯ ಮಲಯಾಳ ಫಲಕದಲ್ಲಿ ತಿಮಿರಂ. ಹೆಸರು ಮೂರಾದರೂ ಚಿಕಿತ್ಸೆ ಒಂದೇ: ಮಸುಕಾದ ಮಸೂರವನ್ನು ಕಣ್ಣಿನಿಂದ ಹೊರಕ್ಕೆ ತೆಗೆಯುವುದು. ಮಿರಜಿನ ಆಸ್ಪತ್ರೆಗಾಗಲಿ ಮಂಗಳೂರಿನ ಆಸ್ಪತ್ರೆಗಾಗಲಿ ಅಜ್ಜಿಯ ಕೈಹಿಡಿದು ಕರೆದುಕೊಂಡು ಹೋಗುವ ಮೊಮ್ಮಗನಿಗೆ ಇದು ಸಣ್ಣ ಶಸ್ತ್ರಕ್ರಿಯೆ, ಹೆಚ್ಚಿನವರು ಸಂಜೆಗೇ ಮನೆಗೆ ಮರಳುತ್ತಾರೆ. ಆದರೆ ಹೀಗೆ ಹೊರಕ್ಕೆ ತೆಗೆಯಬಹುದೆಂದು ನಿಶ್ಚಯಿಸಿ, ಮಾಡಿ, ಲೆಕ್ಕವಿಟ್ಟು ಲೋಕಕ್ಕೆ ತಿಳಿಸಿದವನು ಹದಿನೆಂಟನೆಯ ಶತಮಾನದ ಒಬ್ಬ ಫ್ರೆಂಚ್ ಶಸ್ತ್ರವೈದ್ಯ. ಅವನ ಹೆಸರು ಝಾಕ್ ದಾವಿಯೆಲ್. ನಮ್ಮ ಶಾಲಾಪುಸ್ತಕಗಳಲ್ಲಿ ಇವನ ಹೆಸರನ್ನು ನಾವು ಕಂಡದ್ದಿಲ್ಲ.

ಸೂಜಿಯ ಕಾಲ

ದಾವಿಯೆಲನ ಹೆಚ್ಚುಗಾರಿಕೆ ತಿಳಿಯಬೇಕಾದರೆ ಅವನಿಗಿಂತ ಮೊದಲು ಏನಿತ್ತೆಂದು ನೋಡಬೇಕು. ನಮ್ಮ ಕಣ್ಣಿನಲ್ಲಿ ಪಾಪೆಯ ಹಿಂದೆ ಒಂದು ಪುಟ್ಟ ಮಸೂರವಿದೆ. ಬೆಳಕನ್ನು ಒಳಗಿನ ಪಟಲದ ಮೇಲೆ ಸರಿಯಾಗಿ ಬೀಳಿಸುವುದು ಅದರ ಕೆಲಸ. ವಯಸ್ಸಿನೊಂದಿಗೆ ಅದು ಮಸುಕಾಗುತ್ತ ಹೋದರೆ, ಮಂಜು ಕವಿದ ಕಿಟಕಿಯ ಹಿಂದೆ ಕುಳಿತವನ ಹಾಗೆ, ಬೆಳಕು ಕಾಣುತ್ತದೆಯೇ ಹೊರತು ಮುಖ ಕಾಣುವುದಿಲ್ಲ.

ಇದಕ್ಕೆ ಜಗತ್ತಿನಲ್ಲೆಲ್ಲ ಇದ್ದ ಚಿಕಿತ್ಸೆ ಸೂಜಿ. ಕಣ್ಣಿನ ಬಿಳಿಯ ಭಾಗದಿಂದ ಚೂಪಾದ ಶಲಾಕೆಯನ್ನು ತೂರಿಸಿ, ಮಸುಕಾದ ಮಸೂರವನ್ನು ತಳ್ಳಿ ಕಣ್ಣಿನೊಳಗೇ ಕೆಳಕ್ಕೆ ಕೆಡಹುವುದು. ದಾರಿಗಡ್ಡವಾದ ಕಲ್ಲನ್ನು ಉರುಳಿಸಿ ಪಕ್ಕದ ಹೊಂಡಕ್ಕೆ ಹಾಕಿದ ಹಾಗೆ. ದಾರಿ ತೆರೆಯಿತು, ಬೆಳಕು ಒಳಬಂದಿತು, ರೋಗಿ ಅಲ್ಲಿಯೇ ಬೆರಳು ಎಣಿಸಿದ. ಈ ವಿಧಾನದ ವಿವರವಾದ ವರ್ಣನೆ ನಮ್ಮ ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿದೆ. ಯವದ ಕಾಳಿನ ತುದಿಯಂಥ ಶಲಾಕೆ, ಶಸ್ತ್ರಕ್ರಿಯೆಯಾದ ಬಳಿಕ ತುಪ್ಪದ ಪಟ್ಟಿ, ಮಲಗುವ ರೀತಿ, ಕೆಮ್ಮು ಸೀನುಗಳ ನಿಷೇಧ ಎಲ್ಲವನ್ನೂ ಅಲ್ಲಿ ಹೇಳಿದೆ. ಅಂಥ ಪ್ರಾಚೀನ ಕಾಲದಲ್ಲಿ ಇಷ್ಟು ಎಚ್ಚರ ವಹಿಸಿದ್ದರೆಂಬುದು ಹೆಮ್ಮೆಪಡಬೇಕಾದ ಸಂಗತಿ. ಆದರೆ ಹೆಮ್ಮೆಯ ಭರದಲ್ಲಿ ಒಂದನ್ನು ಮರೆಯಬಾರದು. ಕೆಡಹಿದ ಮಸೂರ ಕಣ್ಣಿನೊಳಗೇ ಉಳಿಯುತ್ತದೆ. ಕೆಲವೊಮ್ಮೆ ಅದು ಮತ್ತೆ ಮೇಲೇಳುತ್ತದೆ. ಕೆಲವೊಮ್ಮೆ ಕಣ್ಣಿನಲ್ಲಿ ಒತ್ತಡ ಏರಿ, ಉರಿಯೂತವಾಗಿ, ಕೀವು ತುಂಬಿ ಇದ್ದ ಬೆಳಕೂ ಹೋಗುತ್ತದೆ. ಅಷ್ಟು ಹೊತ್ತಿಗೆ ಊರಿಂದೂರಿಗೆ ತಿರುಗುವ ಸೂಜಿಯವನು ಕಾಣಿಕೆ ಕಟ್ಟಿಕೊಂಡು ಮುಂದಿನ ಸಂತೆಗೆ ಹೋಗಿರುತ್ತಾನೆ.

ಯುರೋಪಿನಲ್ಲೂ ಇದೇ ಕಥೆ. ಇಂಗ್ಲೆಂಡಿನ ಜಾನ್ ಟೇಲರ್ ಎಂಬ ಪ್ರಖ್ಯಾತ ಸಂಚಾರಿ ನೇತ್ರವೈದ್ಯ 1750ರಲ್ಲಿ ಲೈಪ್ಸಿಗ್ ನಗರದಲ್ಲಿ ಮಹಾಸಂಗೀತಗಾರ ಯೊಹಾನ್ ಸೆಬಾಸ್ಟಿಯನ್ ಬಾಖನ ಕಣ್ಣಿಗೆ ಎರಡು ಬಾರಿ ಸೂಜಿ ಹಾಕಿದ. ಬಾಖ್ ಸಂಪೂರ್ಣ ಕುರುಡನಾದ. ಅದೇ ಜುಲೈ 28ರಂದು ತೀರಿಕೊಂಡ. ಟೇಲರನ ಕೀರ್ತಿಗೆ ಇದರಿಂದ ಆಗ ಹೆಚ್ಚಿನ ಕುಂದೇನೂ ಬರಲಿಲ್ಲ.

ಮಜಾ ಎಂದರೆ, ಬಹುಕಾಲ ಯುರೋಪಿನ ವೈದ್ಯರಿಗೆ ತಾವು ಕೆಡಹುತ್ತಿರುವುದು ಏನನ್ನು ಎಂಬುದೇ ತಿಳಿದಿರಲಿಲ್ಲ. ಮಸೂರದ ಮುಂದೆ ಯಾವುದೋ ದ್ರವ ಹೆಪ್ಪುಗಟ್ಟಿ ತೆರೆಯಾಗುತ್ತದೆಂದೂ, ಮಸೂರವೇ ನೋಡುವ ಅಂಗವೆಂದೂ ಅವರ ನಂಬಿಕೆ. 1705ರಲ್ಲಿ ಬ್ರಿಸೋ ಎಂಬ ಫ್ರೆಂಚ್ ವೈದ್ಯ ಸತ್ತ ಸೈನಿಕನೊಬ್ಬನ ಕಣ್ಣನ್ನು ಕೊಯ್ದು, ಮಸುಕಾದದ್ದು ತೆರೆಯಲ್ಲ, ಮಸೂರವೇ ಎಂದು ತೋರಿಸಿದ. ಪಂಡಿತರು ಒಪ್ಪಿಕೊಳ್ಳಲು ವರ್ಷಗಳೇ ಬೇಕಾದವು. ಮಸೂರ ಹೋದರೂ ಮನುಷ್ಯನಿಗೆ ಕಣ್ಣು ಕಾಣಿಸುತ್ತದೆ ಎಂಬ ಈ ತಿಳಿವಳಿಕೆ ಇಲ್ಲದೆ ಹೋಗಿದ್ದರೆ ದಾವಿಯೆಲನ ಕೈಗೆ ಧೈರ್ಯ ಬರುತ್ತಿರಲಿಲ್ಲ.

ಪ್ಲೇಗಿನ ಊರಿಗೆ ಹೊರಟವನು

ದಾವಿಯೆಲ್ ಹುಟ್ಟಿದ್ದು 1693ರಲ್ಲಿ, ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ಲಾ ಬಾರ್ ಎಂಬ ಹಳ್ಳಿಯಲ್ಲಿ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ವೈದ್ಯನಲ್ಲ. ರುವಾಂ ನಗರದಲ್ಲಿ ಶಸ್ತ್ರವೈದ್ಯನಾಗಿದ್ದ ತನ್ನ ಸಂಬಂಧಿಕನ ಬಳಿ ಶಿಷ್ಯವೃತ್ತಿ ಮಾಡಿ, ಬಳಿಕ ಸೈನ್ಯದ ಆಸ್ಪತ್ರೆಗಳಲ್ಲಿ ಕೈ ಪಳಗಿಸಿಕೊಂಡವನು. ಆ ಕಾಲದ ಫ್ರಾನ್ಸಿನಲ್ಲಿ ಶಸ್ತ್ರವೈದ್ಯರನ್ನೂ ಕ್ಷೌರಿಕರನ್ನೂ ಒಂದೇ ಕಸುಬಿನ ಸಂಘದಲ್ಲಿ ಎಣಿಸುತ್ತಿದ್ದರು. ಲ್ಯಾಟಿನ್ ಓದಿದ ವೈದ್ಯರು ನಾಡಿ ನೋಡಿ ಔಷಧ ಬರೆಯುವರು. ಕೈಗೆ ರಕ್ತ ಮಾಡಿಕೊಳ್ಳುವ ಕೆಲಸ ಇವರದು. 1743ರ ರಾಜಾಜ್ಞೆಯಿಂದಷ್ಟೇ ಈ ಎರಡು ಕಸುಬುಗಳು ಬೇರೆಯಾದವು. ಕುರು ಕೊಯ್ಯಲು ಕ್ಷೌರಿಕನನ್ನು ಕರೆಸುತ್ತಿದ್ದ ನಮ್ಮ ಹಳ್ಳಿಗಳ ಹಳೆಯ ಪದ್ಧತಿಯನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ತೋರಲಾರದು.

1720ರಲ್ಲಿ ಮಾರ್ಸೇಲ್ಸ್ ಬಂದರಿಗೆ ಲೆವಂಟಿನ ಕಡೆಯಿಂದ ಬಟ್ಟೆಬರೆಗಳನ್ನು ತುಂಬಿಕೊಂಡು ಬಂದ ಹಡಗೊಂದು ಪ್ಲೇಗನ್ನೂ ಹೊತ್ತು ತಂದಿತು. ಊರಿನ ಜನಸಂಖ್ಯೆಯ ಅರ್ಧದಷ್ಟು ಮಂದಿ ಸತ್ತರು. ಊರ ವೈದ್ಯರಲ್ಲಿ ಎಷ್ಟೋ ಮಂದಿ ರೋಗಕ್ಕೇ ಬಲಿಯಾದರು. ಹೊರಗಿನಿಂದ ವೈದ್ಯರು ಬೇಕೆಂದು ಕರೆ ಬಂದಾಗ, ತಾನು ಹೋಗುತ್ತೇನೆಂದು ಸ್ವಇಚ್ಛೆಯಿಂದ ಮುಂದೆ ಬಂದವರಲ್ಲಿ ಇಪ್ಪತ್ತೇಳರ ದಾವಿಯೆಲನೂ ಒಬ್ಬ. ಬದುಕಿ ಉಳಿದ. ಸರಕಾರ ಅವನಿಗೆ ಗೌರವದ ಪದಕವನ್ನು ಕೊಟ್ಟಿತು. ಪ್ಲೇಗು ರೋಗಿಗಳ ಕಾವಲು ಸಂತನೆಂದು ಕ್ರೈಸ್ತರು ನಂಬುವ ಸಂತ ರೋಕನ ಹೆಸರಿನದು ಆ ಪದಕ. ಊರು ಅವನನ್ನು ತನ್ನವನನ್ನಾಗಿ ಮಾಡಿಕೊಂಡಿತು. ಮಾರ್ಸೇಲ್ಸಿನಲ್ಲಿಯೇ ನೆಲೆಸಿ, ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತು, ಎಳೆಯರಿಗೆ ಅಂಗರಚನಾಶಾಸ್ತ್ರ ಕಲಿಸುತ್ತ, 1728ರ ಸುಮಾರಿಗೆ ಕಣ್ಣಿನ ಚಿಕಿತ್ಸೆಯ ಕಡೆಗೆ ವಾಲಿದ.

ಮುಂದಿನ ಹದಿನೈದು ಇಪ್ಪತ್ತು ವರ್ಷ ಅವನು ಮಾಡಿದ್ದೂ ಸೂಜಿಯ ಕೆಲಸವನ್ನೇ. ಒಳ್ಳೆಯ ಕೈಗುಣದವನೆಂದು ಹೆಸರಾಗಿ ಹೊರದೇಶಗಳಿಂದಲೂ ಅವನಿಗೆ ಕರೆ ಬರುತ್ತಿತ್ತು. ಹೀಗೆ ಹೆಸರು ಗಳಿಸಿದ ಮೇಲೆ, ತನಗೆ ಅನ್ನ ಕೊಟ್ಟ ವಿಧಾನವೇ ಸರಿಯಿಲ್ಲವೆಂದು ಐವತ್ತು ದಾಟಿದ ಒಬ್ಬ ಮನುಷ್ಯ ಯೋಚಿಸತೊಡಗುವುದು ಸಾಧಾರಣ ಮಾತಲ್ಲ. ನಾವು ಈ ಲೇಖನ ಬರೆಯಲು ಇದೇ ಮುಖ್ಯ ಕಾರಣವೆಂದರೂ ಸಲ್ಲುತ್ತದೆ.

ವಿರಾಗಿಯ ಕಣ್ಣು, ವಿಗ್ ಮಾಡುವವನ ಕಣ್ಣು

1745ರ ಸುಮಾರಿಗೆ ಪ್ರೊವಾನ್ಸ್ ಸೀಮೆಯ ವಿರಾಗಿಯೊಬ್ಬ ದಾವಿಯೆಲನಲ್ಲಿಗೆ ಬಂದ. ಎಂದಿನಂತೆ ಸೂಜಿ ಹಾಕಿದರೆ ಮಸೂರ ಕೆಳಕ್ಕೆ ಹೋಗಲಿಲ್ಲ. ಒಡೆದು ಚೂರಾಗಿ ಪಾಪೆಯ ಮುಂದಕ್ಕೆ ಬಂದುಬಿಟ್ಟಿತು. ರಕ್ತವೂ ತುಂಬಿತು. ಬೇರೆ ದಾರಿ ಕಾಣದೆ ದಾವಿಯೆಲ್ ಕಣ್ಣಿನ ಮುಂಭಾಗದ ಗಾಜಿನಂಥ ಪಟಲವನ್ನೇ, ಅಂದರೆ ಕಾರ್ನಿಯವನ್ನೇ, ಕೆಳಗಿನಿಂದ ಕೊಯ್ದು ತೆರೆದ. ನೀರಿನ ಜೊತೆಗೆ ಚೂರುಗಳೂ ಹೊರಬಂದವು. ವಿರಾಗಿಗೆ ಆ ಕ್ಷಣವೇ ಎದುರಿನ ವಸ್ತುಗಳು ಕಾಣಿಸಿದವು. ಆದರೆ ಮುಂದೆ ಕೀವಾಗಿ ಆ ಕಣ್ಣು ಹೋಯಿತು.

ಸೋತ ಈ ಶಸ್ತ್ರಕ್ರಿಯೆಯನ್ನು ಅವನು ಮುಚ್ಚಿಡಲಿಲ್ಲ. ಮುಂದೆ ತನ್ನ ಹೊಸ ವಿಧಾನವನ್ನು ವಿದ್ವಾಂಸರ ಮುಂದಿಡುವಾಗ ತನಗೆ ದಾರಿ ತೋರಿಸಿದ್ದು ಆ ಕಣ್ಣೇ ಎಂದು ಬರೆದ. ಕಣ್ಣು ಹೋದದ್ದು ನಿಜ. ಆದರೆ ಕೊಯ್ದ ತೆರಪಿನಿಂದ ಮಸೂರ ಹೊರಬರುತ್ತದೆ ಎಂಬುದೂ ನಿಜ, ಅದು ಹೊರಬಂದ ಕೂಡಲೇ ಮನುಷ್ಯ ಕಂಡದ್ದೂ ನಿಜ. ಹಾಗಾದರೆ ಅನಿವಾರ್ಯವಾದಾಗ ಮಾಡಿದ್ದನ್ನು ಬೇಕೆಂದೇ, ಅಚ್ಚುಕಟ್ಟಾಗಿ ಏಕೆ ಮಾಡಬಾರದು? ಹೆಣಗಳ ಕಣ್ಣಿನ ಮೇಲೆ ಅಭ್ಯಾಸ ನಡೆಯಿತು. ಹಳೆಯ ಉಪಕರಣಗಳು ಸಾಲದೆ ಹೊಸವನ್ನು ಮಾಡಿಸಿದ.

ಅಷ್ಟರಲ್ಲಿ ಅವನು ಪ್ಯಾರಿಸಿಗೆ ಬಂದಿದ್ದ. 1747ರ ಏಪ್ರಿಲ್ 8ರಂದು ಗಾರಿಯೋಂ ಎಂಬ ವಿಗ್ ತಯಾರಕನ ಕಣ್ಣಿಗೆ ಸೂಜಿ ಹಾಕುವ ಪ್ರಯತ್ನ ಕೈಗೂಡದೆ ಹೋದಾಗ, ಕಾರ್ನಿಯವನ್ನು ತೆರೆದು ಪೊರೆಗಟ್ಟಿದ ಮಸೂರವನ್ನು ಹೊರಕ್ಕೆ ತೆಗೆದ. ಈ ಸಲ ಕಣ್ಣು ಉಳಿಯಿತು. ಎರಡು ವರ್ಷದ ಬಳಿಕ, 1749ರಲ್ಲಿ, ಹದಿನೈದನೆಯ ಲೂಯಿ ದೊರೆಯ ನೇತ್ರವೈದ್ಯನಾಗಿ ನೇಮಕಗೊಂಡ. 1752ರ ನವೆಂಬರಿನಲ್ಲಿ ಪ್ಯಾರಿಸಿನ ರಾಜಕೀಯ ಶಸ್ತ್ರವೈದ್ಯ ಅಕಾಡೆಮಿಯ ಮುಂದೆ ತನ್ನ ಪ್ರಬಂಧವನ್ನು ಮಂಡಿಸಿದ. ಮರುವರ್ಷ ಅದು ಅಚ್ಚಾಯಿತು. ಅದರಲ್ಲಿ ಕೊಟ್ಟ ಲೆಕ್ಕ: ಮಸೂರ ತೆಗೆದ ಕಣ್ಣುಗಳು 115, ಗುಣವಾದವು 100. ಕ್ರಿಮಿಗಳ ವಿಷಯ ಯಾರಿಗೂ ತಿಳಿಯದ, ಕೈ ತೊಳೆಯುವ ಪದ್ಧತಿಯೂ ಬಾರದ ಕಾಲದಲ್ಲಿ ಈ ಅಂಕಿ ಬೆರಗು ಹುಟ್ಟಿಸುವಂಥದು. ಗೆದ್ದ ನೂರರ ಪಕ್ಕದಲ್ಲೇ ಸೋತ ಹದಿನೈದನ್ನೂ ಬರೆದನಲ್ಲ, ನಮಗೆ ಅದೇ ದೊಡ್ಡದು. ಸಂತೆಯ ಸೂಜಿಯವರಲ್ಲಿ ಯಾರೂ ಸೋಲನ್ನು ಎಣಿಸಿದವರಲ್ಲ.

ಅವನು ಶಸ್ತ್ರಕ್ರಿಯೆ ಮಾಡುತ್ತಿದ್ದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ರೋಗಿಯನ್ನು ತಗ್ಗಾದ ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ತುಸು ಎತ್ತರದ ಆಸನದಲ್ಲಿ ತಾನು ಕೂರುವನು. ಒಳ್ಳೆಯ ಕಣ್ಣಿಗೆ ಪಟ್ಟಿ. ಸಹಾಯಕ ಹಿಂದೆ ನಿಂತು ರೋಗಿಯ ತಲೆಯನ್ನು ತನ್ನ ಎದೆಗೆ ಒತ್ತಿ ಹಿಡಿದು ಮೇಲಿನ ರೆಪ್ಪೆಯನ್ನು ಎತ್ತುವನು. ಎಲೆಯಾಕಾರದ ಚೂಪು ಅಲಗಿನಿಂದ ಕಾರ್ನಿಯದ ಕೆಳ ಅಂಚನ್ನು ಚುಚ್ಚಿ, ಮೊಂಡು ತುದಿಯ ಇನ್ನೊಂದು ಅಲಗಿನಿಂದ ತೆರಪನ್ನು ಹಿಗ್ಗಿಸಿ, ಆಮೇಲೆ ಬಾಗಿದ ಪುಟ್ಟ ಕತ್ತರಿಯಿಂದ ಎಡಬಲಗಳಿಗೆ ಕತ್ತರಿಸುವುದು. ಚಿನ್ನದ ಸಣ್ಣ ಚಪ್ಪಟೆ ಕಡ್ಡಿಯಿಂದ ಆ ಪಟಲವನ್ನು ಮೆಲ್ಲನೆ ಎತ್ತಿ, ಮಸೂರದ ಚೀಲವನ್ನು ಗೀರಿ, ಕೆಳಗಿನಿಂದ ಬೆರಳಿನಲ್ಲಿ ಮೃದುವಾಗಿ ಒತ್ತಿದರೆ ಮಸೂರ ಜಾರಿ ಹೊರಬರುತ್ತಿತ್ತು. ಹೊಲಿಗೆಯಿಲ್ಲ. ಪಟ್ಟಿ ಕಟ್ಟಿ, ಕತ್ತಲ ಕೋಣೆಯಲ್ಲಿ ಅಂಗಾತ ಮಲಗಿಸಿ, ದಿನಗಟ್ಟಲೆ ಅಲುಗದೆ ಇರಬೇಕೆಂದು ಹೇಳುವುದು.

ಮರಗಟ್ಟಿಸುವ ಮದ್ದಿಲ್ಲ ಎಂಬುದನ್ನು ಗಮನಿಸಬೇಕು. ರೋಗಿ ಎಚ್ಚರವಾಗಿದ್ದಾನೆ, ಕತ್ತರಿ ಬರುವುದು ಕಾಣುತ್ತದೆ, ನೋವಾಗುತ್ತದೆ. ಅವನ ಕಣ್ಣು ಒಂದು ಕಡೆಗೆ ಹೊರಳಿದರೆ ಕೆಲಸ ಕೆಟ್ಟಿತು. ತಲೆಯನ್ನು ಸಹಾಯಕ ಹಿಡಿಯಬಹುದು. ಕಣ್ಣುಗುಡ್ಡೆಯನ್ನು ಹಿಡಿದು ನಿಲ್ಲಿಸಬೇಕಾದವನು ರೋಗಿಯೇ. ಅದಕ್ಕೆ ವೈದ್ಯನ ಬಳಿ ಇದ್ದ ಸಾಧನವೆಂದರೆ ಮಾತು ಮಾತ್ರ.

ವಿರೋಧವೂ ಬಂತು. ಇಂಗ್ಲೆಂಡಿನಲ್ಲಿ ಸ್ಯಾಮ್ಯುಯಲ್ ಶಾರ್ಪ್ 1753ರಲ್ಲೇ ಈ ವಿಧಾನವನ್ನು ಎತ್ತಿಕೊಂಡು ಹಲವು ಉಪಕರಣಗಳ ಬದಲು ಒಂದೇ ಚಾಕುವಿನಿಂದ ಮಾಡಿ ತೋರಿಸಿದನಾದರೂ, ಅದೇ ದೇಶದ ಹೆಸರಾಂತ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಇಪ್ಪತ್ತು ವರ್ಷಗಳ ಮೇಲೂ ಸೂಜಿಯೇ ಮೇಲೆಂದು ವಾದಿಸುತ್ತಿದ್ದ. ಪಾಟನ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಕೈ ಪಳಗದವನು ಕಣ್ಣನ್ನು ಅಗಲವಾಗಿ ಕೊಯ್ದರೆ ಒಳಗಿನದೆಲ್ಲ ಹೊರಬರುವ ಅಪಾಯವಿತ್ತು. ಹೊಸ ವಿಧಾನ ಬೇರೂರಲು ಒಂದು ಶತಮಾನವೇ ಹಿಡಿಯಿತು.

ದಾವಿಯೆಲ್ ಅಷ್ಟು ದಿನ ಬದುಕಲಿಲ್ಲ. ಗಂಟಲಿನ ವ್ಯಾಧಿಗೆ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದಾಗ 1762ರ ಸೆಪ್ಟೆಂಬರ್ 30ರಂದು ಜಿನೀವಾದಲ್ಲಿ ತೀರಿಕೊಂಡ. ಜಿನೀವಾ ಪ್ರಾಟೆಸ್ಟೆಂಟರ ಊರು, ಅವನು ಕ್ಯಾಥೊಲಿಕನು. ಆದ್ದರಿಂದ ಗಡಿಯಾಚೆ, ಆಗ ಫ್ರಾನ್ಸಿಗೆ ಸೇರಿದ್ದ ಗ್ರಾಂ ಸಕೋನೆ ಎಂಬ ಹಳ್ಳಿಯಲ್ಲಿ ಅವನನ್ನು ಮಣ್ಣು ಮಾಡಿದರು. 1815ರ ಒಪ್ಪಂದದಿಂದ ಗಡಿ ಸರಿದು ಆ ಹಳ್ಳಿ ಜಿನೀವಾಕ್ಕೆ ಸೇರಿತು. ಹೀಗೆ ಫ್ರಾನ್ಸಿನ ಮಣ್ಣಿನಲ್ಲಿ ಹೂಳಿದ ಫ್ರೆಂಚ್ ಶಸ್ತ್ರವೈದ್ಯ ಇಂದು ಸ್ವಿಟ್ಜರ್ಲೆಂಡಿನಲ್ಲಿದ್ದಾನೆ. 1956ರ ನವೆಂಬರ್ 1ರ ಬೆಳಿಗ್ಗೆ ಎದ್ದು ನೋಡಿದಾಗ ತಾವಿದ್ದ ರಾಜ್ಯ ಬದಲಾಗಿದ್ದನ್ನು ಕಂಡ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಿರಜಿಗೆ ಬಂದ ಬಗೆ

ಭಾರತದಲ್ಲಿ ಕಣ್ಣಿಗೆಂದೇ ಮೀಸಲಾದ ಸರಕಾರಿ ಆಸ್ಪತ್ರೆ ಮದ್ರಾಸಿನಲ್ಲಿ 1819ರಲ್ಲೇ ಆರಂಭವಾಯಿತು. ನಮ್ಮ ಸೀಮೆ ಆಗ ಮದ್ರಾಸು ಆಧಿಪತ್ಯಕ್ಕೇ ಸೇರಿತ್ತು. ಆದರೂ ಹಳ್ಳಿಗಳಲ್ಲಿ ಸೂಜಿಯ ಕಾಲ ಮುಗಿದಿರಲಿಲ್ಲ. ಆ ಆಸ್ಪತ್ರೆಯ ಮುಖ್ಯಸ್ಥನಾಗಿದ್ದ ರಾಬರ್ಟ್ ಎಲಿಯಟ್, ಸೂಜಿಯವರ ಕೈಗೆ ಸಿಕ್ಕಿ ಹಾಳಾದ ಕಣ್ಣುಗಳನ್ನು ನೂರುಗಟ್ಟಲೆ ಪರೀಕ್ಷಿಸಿ ಟಿಪ್ಪಣಿ ಮಾಡಿಟ್ಟಿದ್ದ. 1917ರಲ್ಲಿ ಲಂಡನ್ನಿನಲ್ಲಿ ಅದರ ಮೇಲೆಯೇ ಉಪನ್ಯಾಸಗಳನ್ನು ಕೊಟ್ಟ. ದಾವಿಯೆಲನ ಪ್ರಬಂಧ ಅಚ್ಚಾಗಿ ನೂರ ಅರುವತ್ತು ವರ್ಷಗಳಾದ ಮೇಲಿನ ಮಾತು ಇದು.

ಜತ್ತದ ಕಡೆಗೆ ಬೆಳಕು ಬಂದದ್ದು ಮಿರಜಿನಿಂದ. ಕೆನಡಾದಲ್ಲಿ ಹುಟ್ಟಿ, ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ಪರವಾಗಿ 1889ರಲ್ಲಿ ಬಂದ ಡಾಕ್ಟರ್ ವಿಲಿಯಂ ವಾನ್ಲೆಸ್ ಮೊದಲು ಸಾಂಗ್ಲಿಯಲ್ಲಿದ್ದು, ಬಳಿಕ ಮಿರಜಿಗೆ ಬಂದು 1894ರಲ್ಲಿ ಆಸ್ಪತ್ರೆ ತೆರೆದರು. ಮೂರು ವರ್ಷಗಳಲ್ಲಿ ಅಲ್ಲೇ ವೈದ್ಯಶಾಲೆಯೂ ಆರಂಭವಾಯಿತು. ವಾನ್ಲೆಸರಿಗೆ ದಾವಿಯೆಲನಿಗಿಲ್ಲದ ಒಂದು ಅನುಕೂಲವಿತ್ತು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಎಂಬ ತರುಣ ವೈದ್ಯ, ಕೊಕೇನಿನ ಹನಿ ಬಿಟ್ಟರೆ ಕಣ್ಣು ಮರಗಟ್ಟುತ್ತದೆಂದು ಕಂಡುಹಿಡಿದಿದ್ದ. ಕೊಯ್ಯುವಾಗ ರೋಗಿ ಕಿರುಚುವ ಕಾಲ ಮುಗಿದಿತ್ತು. ಮಿರಜು ರೈಲು ಕೂಡುವ ಊರು. ಮರಾಠಿ ಮತ್ತು ಕನ್ನಡ ಸೀಮೆಗಳೆರಡೂ ಅದಕ್ಕೆ ಹತ್ತಿರ. 1927ರಲ್ಲಿ ಕುರ್ಡುವಾಡಿಯ ಕಡೆಯಿಂದ ಪಂಢರಪುರದ ಮೇಲಾಗಿ ಬರುವ ಬಾರ್ಶಿ ಲೈಟ್ ರೈಲ್ವೆಯ ಕಿರುಗಾಡಿ ಮಿರಜು ಮುಟ್ಟಿತು. ಆ ದಾರಿಯಲ್ಲಿ ಜತ್ತ ರೋಡ್ ಎಂಬ ನಿಲ್ದಾಣವೂ ಉಂಟು. ವಾನ್ಲೆಸರಿಗೆ 1928ರಲ್ಲಿ ಸರ್ ಪದವಿ ಬಂದಿತು. 1933ರಲ್ಲಿ ಅವರು ನಿಧನರಾದರು. ಅವರ ಹೆಸರಿನ ಆಸ್ಪತ್ರೆ ಆ ಪ್ರದೇಶದಲ್ಲಿ ಮನೆಮಾತು. 1962ರಲ್ಲಿ ಸರಕಾರದ ವೈದ್ಯಕೀಯ ಕಾಲೇಜೂ ಮಿರಜಿನಲ್ಲಿ ಸ್ಥಾಪನೆಯಾಯಿತು.

ಕನ್ನಡ ನಾಡಿನ ಕಡೆಯಿಂದ ಈ ಕೆಲಸಕ್ಕೆ ಕೈ ಹಚ್ಚಿದವರಲ್ಲಿ ಡಾಕ್ಟರ್ ಎಂ. ಸಿ. ಮೋದಿಯವರನ್ನು (1916-2005) ಹೇಳದೆ ಹೋದರೆ ತಪ್ಪಾದೀತು. ಜತ್ತದ ಪಕ್ಕದ ಬಿಜಾಪುರ ಜಿಲ್ಲೆಯದಾಗಿದ್ದ ಬೀಳಗಿಯವರು. ರೋಗಿಗಳು ಆಸ್ಪತ್ರೆಗೆ ಬಾರದಿದ್ದರೆ ಆಸ್ಪತ್ರೆಯೇ ರೋಗಿಗಳ ಊರಿಗೆ ಹೋಗಲಿ ಎಂದು ಉಚಿತ ನೇತ್ರಶಿಬಿರಗಳನ್ನು ನಡೆಸಿದರು. ಒಂದೇ ದಿನ 833 ಪೊರೆ ಶಸ್ತ್ರಕ್ರಿಯೆ ಮಾಡಿದ ಅವರ ದಾಖಲೆ ಗಿನ್ನೆಸ್ ಪುಸ್ತಕದಲ್ಲಿ ಸೇರಿದೆ. ಶಾಲೆಯ ಜಗಲಿಯಲ್ಲಿ ಸಾಲಾಗಿ ಮಲಗಿದ ಮುದುಕ ಮುದುಕಿಯರು, ಕಣ್ಣಿಗೆ ಪಟ್ಟಿ, ಊರವರು ಬೇಯಿಸಿ ಹಾಕುವ ಗಂಜಿ ಅನ್ನ. ಇಂಥ ನೇತ್ರಶಿಬಿರಗಳನ್ನು ಕಂಡವರು ನಮ್ಮ ಓದುಗರಲ್ಲೂ ಇದ್ದಾರು. ಆಗ ಮಸೂರ ತೆಗೆದವರಿಗೆ ದಪ್ಪ ಗಾಜಿನ ಕನ್ನಡಕವೇ ಗತಿ. ಕನ್ನಡಕ ಒಡೆದರೆ ಮತ್ತೆ ಕುರುಡು. ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಕಣ್ಣಿನೊಳಗೇ ಕೃತಕ ಮಸೂರವನ್ನು ಕೂರಿಸಿ ತೋರಿಸಿದ್ದರೂ, ಅದು ಬಡವರ ಕೈಗೆ ಎಟುಕಿದ್ದು 1992ರಲ್ಲಿ ಮಧುರೆಯ ಅರವಿಂದ ಕಣ್ಣಾಸ್ಪತ್ರೆಯವರು ಆರೋಲ್ಯಾಬ್ ಎಂಬ ತಮ್ಮ ಕಾರ್ಖಾನೆಯಲ್ಲಿ ಅಗ್ಗದ ಮಸೂರಗಳನ್ನು ತಯಾರಿಸಲು ತೊಡಗಿದ ಮೇಲೆ.

ಖಾಲಿ ಬಘಾ

ಉಪಕರಣ ಬದಲಾಯಿತು, ಮದ್ದು ಬಂತು, ಮಸೂರ ಬಂತು. ಬದಲಾಗದೆ ಉಳಿದದ್ದು ಒಂದು: ಇಂದಿಗೂ ಪೊರೆಯ ಶಸ್ತ್ರಕ್ರಿಯೆ ಸಾಮಾನ್ಯವಾಗಿ ನಡೆಯುವುದು ಎಚ್ಚರವಾಗಿರುವ ಮನುಷ್ಯನ ಮೇಲೆ. ದಾವಿಯೆಲ್ ಕೆಳ ಅಂಚಿನಲ್ಲಿ ಕೊಯ್ದ. ನಂತರದವರು ಗಾಯ ಮೇಲಿನ ರೆಪ್ಪೆಯ ಮರೆಯಲ್ಲಿರಲೆಂದು ಮೇಲಂಚಿಗೆ ಬಂದರು. ಹೀಗಾಗಿ ಶಸ್ತ್ರಕ್ರಿಯೆಯ ಮೇಜಿನ ಮೇಲೆ ರೋಗಿಯ ಕಿವಿಗೆ ಬೀಳುವ ಮಾತುಗಳಲ್ಲಿ ಮುಖ್ಯವಾದದ್ದು “ಕೆಳಗೆ ನೋಡಿ” ಎಂಬುದು. ಚುಚ್ಚುಮದ್ದು ಕೊಟ್ಟು ಕಣ್ಣುಗುಡ್ಡೆಯನ್ನೇ ನಿಲ್ಲಿಸುವುದೂ ಉಂಟು. ಬರಿಯ ಹನಿಮದ್ದಿನಲ್ಲಿ ಮಾಡುವಾಗ ಮಾತು ಬೇಕೇ ಬೇಕು: ಬೆಳಕನ್ನೇ ನೋಡಿ, ಅಲುಗಬೇಡಿ, ಕೆಮ್ಮು ಬಂದರೆ ಮೊದಲೇ ಹೇಳಿ.

ಮರಾಠಿಯಲ್ಲಿ ಕೆಳಗೆ ನೋಡಿ ಎನ್ನಲು “ಖಾಲಿ ಬಘಾ” ಎನ್ನುತ್ತಾರೆ. ಖಾಲಿ ಎಂದರೆ ಅವರಿಗೆ ಕೆಳಗೆ. ಕನ್ನಡದವರಿಗೆ ಖಾಲಿ ಎಂದರೆ ಏನೂ ಇಲ್ಲದ್ದು, ಬರಿದು. ಜತ್ತ ತಾಲೂಕಿನ ಗಂಡಸರು ಪೇಟೆ ಕಚೇರಿಗಳಲ್ಲಿ ಓಡಾಡಿ ಮರಾಠಿ ಬಲ್ಲರು. ಶಾಲೆಗೆ ಹೋದ ಮಕ್ಕಳೂ ಬಲ್ಲರು. ಆದರೆ ಹೊಲಮನೆ ಬಿಟ್ಟು ಹೊರಗೆ ಹೋಗದ ಎಂಬತ್ತರ ಅಜ್ಜಿ, ಕಣ್ಣಿಗೆ ಬಟ್ಟೆ ಮುಚ್ಚಿ ಮಲಗಿಸಿದಾಗ, “ತೆಳಗ ನೋಡ್ರಿ ಯವ್ವಾ” ಎಂಬ ಮಾತಿಗೆ ಕಣ್ಣು ಇಳಿಸಿಯಾಳೇ ಹೊರತು “ಖಾಲಿ ಬಘಾ” ಎಂದರೆ ಏನು ಮಾಡಿಯಾಳು? ಮಿರಜಿನ ಕಡೆಯ ವೈದ್ಯರಲ್ಲಿ, ದಾದಿಯರಲ್ಲಿ ಕನ್ನಡ ಬಲ್ಲವರು ಎಷ್ಟೋ ಮಂದಿ ಇದ್ದಾರೆ ಎಂಬುದು ಸಮಾಧಾನದ ವಿಷಯ. ಉಮದಿಯ ಕಡೆಯವರಿಗೆ ವಿಜಯಪುರವೂ ಹತ್ತಿರವೇ. ಆದರೂ ಯಾವ ಪಾಳಿಯಲ್ಲಿ ಯಾರು ಇರುತ್ತಾರೆಂಬುದು ರೋಗಿಯ ಅದೃಷ್ಟಕ್ಕೆ ಬಿಟ್ಟದ್ದು.

ನಮ್ಮಲ್ಲಿಯೂ ಹಾಗೆಯೇ. ಮಲಯಾಳದ ಕೆಳಗೆ ಎಂಬ ಮಾತು ಕನ್ನಡದ ಕಿವಿಗೆ ತಾಳೆ ಎಂದು ಕೇಳಿಸುತ್ತದೆ. ನಮಗೆ ತಾಳೆ ನೋಡುವುದೆಂದರೆ ಲೆಕ್ಕ ಸರಿಹೋಗುತ್ತದೆಯೇ ಎಂದು ನೋಡುವುದು! ಪೇಟೆಯವರು ಇದಕ್ಕೆ ನಕ್ಕಾರು, ಅವರಿಗೆ ಎರಡೂ ಭಾಷೆ ನೀರು ಕುಡಿದಷ್ಟು ಸುಲಭ. ಬದಿಯಡ್ಕ, ಪೈವಳಿಕೆ, ವರ್ಕಾಡಿಗಳ ಒಳನಾಡಿನ ಹಿರಿಯ ಹೆಂಗಸರನ್ನು ಕೇಳಿ ನೋಡಬೇಕು. ಹೀಗಾಗಿಯೇ ನಮ್ಮವರು ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದು ಹೆಚ್ಚು. ದೊಡ್ಡ ಆಸ್ಪತ್ರೆ ಎಂಬುದು ಒಂದು ಕಾರಣ. ನೋವನ್ನು ತನ್ನ ಮಾತಿನಲ್ಲಿ ಹೇಳಿಕೊಳ್ಳಬಹುದೆಂಬುದು ಇನ್ನೊಂದು. 2020ರ ಮಾರ್ಚಿನಲ್ಲಿ ಕೊರೋನದ ಕಾರಣ ಆ ಗಡಿಗೆ ಮಣ್ಣು ಸುರಿದು ಮುಚ್ಚಿದಾಗ ಚಿಕಿತ್ಸೆಗೆ ಹೋಗಲಾರದೆ ರೋಗಿಗಳು ಸತ್ತದ್ದು, ಪ್ರಕರಣ ಕೇರಳ ಹೈಕೋರ್ಟಿನವರೆಗೆ, ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಯಾರಿಗೂ ಮರೆತಿರಲಾರದು.

ಕಾನೂನಿನಲ್ಲಿ ನಮಗೆ ಕೆಲವು ಆಸರೆಗಳುಂಟು. ಸಂವಿಧಾನದ 350ನೆಯ ವಿಧಿಯಂತೆ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕು ಕೊಟ್ಟಿದೆ. ಇವೆಲ್ಲ ಕಾಗದದ ಮಾತು. ಶಸ್ತ್ರಕ್ರಿಯೆಯ ವಿಷಯದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮುಖ್ಯ ತೀರ್ಪು ಕೊಟ್ಟಿತು: ಚಿಕಿತ್ಸೆ ಏನು, ಅದರ ಅಪಾಯವೇನು, ಬೇರೆ ದಾರಿ ಉಂಟೇ ಎಂಬುದನ್ನು ರೋಗಿಗೆ ತಕ್ಕಷ್ಟು ತಿಳಿಸಿ ಪಡೆದದ್ದಾದರೆ ಮಾತ್ರ ಅದು ಒಪ್ಪಿಗೆ. ಓದಲು ಬಾರದ ಲಿಪಿಯ ನಮೂನೆಯ ಕೆಳಗೆ ಒತ್ತಿದ ಹೆಬ್ಬೆಟ್ಟನ್ನು ಒಪ್ಪಿಗೆ ಎನ್ನಬಹುದೇ ಎಂದು ಜತ್ತದಲ್ಲೂ ಕಾಸರಗೋಡಿನಲ್ಲೂ ಕೇಳಬೇಕಾದವರು ನಾವೇ.

ಮನೆಯ ಹಿರಿಯರನ್ನು ಪೊರೆಯ ಶಸ್ತ್ರಕ್ರಿಯೆಗೆ ಕರೆದೊಯ್ಯುವವರು ಸೇರಿಸಿಕೊಳ್ಳುವಾಗಲೇ ವೈದ್ಯರಿಗೆ ಒಂದು ಮಾತು ಹೇಳಿದರೆ ಸಾಕು: ಇವರಿಗೆ ಕನ್ನಡ ಮಾತ್ರ ಬರುತ್ತದೆ. ಒಳಗಿನವರು ಹೇಳುವ ನಾಲ್ಕೈದು ಮಾತುಗಳನ್ನು ಹಿಂದಿನ ದಿನವೇ ಕೇಳಿ ತಿಳಿದು ಅಜ್ಜಿಗೋ ಅಜ್ಜನಿಗೋ ಮನೆಯಲ್ಲೇ ಅಭ್ಯಾಸ ಮಾಡಿಸಬಹುದು. ಶಸ್ತ್ರಕ್ರಿಯೆಯ ಬಳಿಕ ಯಾವ ಹನಿ ಎಷ್ಟು ಹೊತ್ತಿಗೆ, ನೀರು ಯಾವಾಗ ತಗಲಿಸಬಹುದು, ಯಾವ ಮಗ್ಗುಲಿಗೆ ಮಲಗಬಾರದು ಎಂಬುದನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿಡಬೇಕು. ಕಣ್ಣು ಕೆಂಪಾಗಿ ನೋವು ಹೆಚ್ಚಿ ದೃಷ್ಟಿ ಮಸುಕಾದರೆ ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ದಾವಿಯೆಲನ ವಿರಾಗಿಯ ಕಣ್ಣು ಕೆಟ್ಟದ್ದು ಶಸ್ತ್ರಕ್ರಿಯೆಯ ಗಳಿಗೆಯಲ್ಲಲ್ಲ, ಆಮೇಲೆ.